ಉಜ್ಜಿಕೊಂಡು ಗಟ್ಟಿಯಾದ ನೂಲು

ವಿಜ್ಞಾನದ ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷ ಕಳೆದರೂ ನಾನು ಘರ್ಷಣೆಯನ್ನು ಸರಿಯಾಗಿ ಕಂಡಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬಲ ಎಂದರೆ ತಳ್ಳುವುದು ಅಥವಾ ಎಳೆಯುವುದು; ಘರ್ಷಣೆ ಎಂದರೆ ಚಲನೆಯನ್ನು ತಡೆಯುವ ಬಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ. ಇದನ್ನು ಬೋರ್ಡಿನ ಮೇಲೆ ಬರೆದು ಬರೆದು ಎಷ್ಟೋ ಸೀಮೆಸುಣ್ಣ ಸವೆದಿದೆ. ಆ ಸವೆತವೂ ಘರ್ಷಣೆಯದ್ದೇ ಎಂಬುದು ನನಗೆ ಹೊಳೆದಿರಲಿಲ್ಲ.

ಶಿಡ್ಲಘಟ್ಟದ ನಮ್ಮ ಶಾಲೆಯಲ್ಲಿ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಘರ್ಷಣೆಯ ಒಂದು ಉಪಯೋಗ ಬರೆಯಬೇಕಿತ್ತು. ಎಲ್ಲರೂ ಪುಸ್ತಕದಲ್ಲಿದ್ದಂತೆ ಬೆಂಕಿಕಡ್ಡಿ ಗೀರಿದ್ದರು. ಎಂಟನೇ ತರಗತಿಯ ನಾಗವೇಣಿ ಮಾತ್ರ ‘ನೂಲು ಗಟ್ಟಿಯಾಗುತ್ತದೆ’ ಎಂದು ಬರೆದಿದ್ದಳು. ಉಜ್ಜಿದರೆ ನೂಲು ಹರಿಯುತ್ತದೆ, ಗಟ್ಟಿಯಾಗುವುದೆಲ್ಲಿ ಬಂತು? ಕೆಂಪು ಮಸಿಯಲ್ಲಿ ಗೀಟೆಳೆದು ಸೊನ್ನೆ ಸುತ್ತಿದೆ.

ಅವಳು ವಾದ ಮಾಡಲಿಲ್ಲ. ಆದರೆ ಪ್ರತಿ ಪ್ರಶ್ನೆಗೂ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹುಡುಗಿ ಅಂದಿನಿಂದ ಕೈ ಎತ್ತುವುದನ್ನೇ ಬಿಟ್ಟಳು. ಒಂದು ವಾರ ನೋಡಿದೆ. ಒಂದು ಗೀಟಿನಿಂದ ಒಂದು ಮಗುವಿನ ಬಾಯಿ ಕಟ್ಟಿಬಿಟ್ಟೆನೇ ಎಂದು ಭಯವಾಯಿತು. ಕರೆದು ಕೇಳಿದೆ.

“ನಮ್ಮಮ್ಮ ದಿನಾ ಅದೇ ಮಾಡ್ತಾರೆ ಸಾರ್. ಬಂದು ನೋಡಿ,” ಎಂದಳು, ನೆಲ ನೋಡುತ್ತಾ.

ಹೋದೆ. ಅವಳ ತಾಯಿ ರತ್ನಮ್ಮ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಎಂಟು ಗೂಡುಗಳ ಎಂಟು ಎಳೆ ಮೇಲೇಳುತ್ತಿವೆ ಎಂದರು. ಕನ್ನಡಕ ತೆಗೆದರೆ ಎಳೆ ಕಾಣದು, ಹಾಕಿದರೆ ಹಬೆ ಮುಚ್ಚುತ್ತದೆ. ವೀಕ್ಷಣೆಯೇ ವಿಜ್ಞಾನದ ಮೊದಲ ಹೆಜ್ಜೆ ಎಂದು ಬೋಧಿಸುವವನ ಪಾಡು ಇದು.

ಆ ಎಂಟೂ ಎಳೆಗಳು ಸೇರಿ ಮೇಲಿನ ಪುಟ್ಟ ಗಾಲಿಯನ್ನು ಬಳಸಿ ಬಂದು, ತಮ್ಮನ್ನು ತಾವೇ ಹತ್ತಾರು ಸುತ್ತು ಸುತ್ತಿಕೊಂಡು, ಆಮೇಲೆ ರಾಟೆಗೆ ಹೋಗುತ್ತಿದ್ದವು.

“ಇಲ್ಲಿ ಒಂದಕ್ಕೊಂದು ಉಜ್ಜಿಕೊಂಡ್ರೇನೇ ಸಾರ್, ನೀರು ಹಿಂಡೋಗಿ ಎಂಟೂ ಒಂದಾಗೋದು,” ಎಂದರು ರತ್ನಮ್ಮ. “ಇಲ್ದಿದ್ರೆ ಬರೀ ಎಳೆ. ಅಷ್ಟೇ.”

ನನ್ನ ಮುಖದಲ್ಲಿ ಅನುಮಾನ ಕಂಡಿರಬೇಕು. ಅವರು ಆ ಸುತ್ತನ್ನು ಬಿಚ್ಚಿ ಒಂದಷ್ಟು ನೂಲು ತೆಗೆದು ನನ್ನ ಕೈಗಿಟ್ಟರು. ಒದ್ದೆಯಾಗಿ, ಚಪ್ಪಟೆಯಾಗಿ, ಎಳೆಎಳೆಯಾಗಿ ಬಿಟ್ಟುಕೊಂಡಿತು. ಮತ್ತೆ ಸುತ್ತು ಹಾಕಿ ತೆಗೆದರು. ಈ ಸಲ ದುಂಡಗೆ, ಬಿಗಿಯಾಗಿ, ಹೊಳೆಯುತ್ತಾ ಬಂತು. ಅದೇ ಗೂಡು, ಅದೇ ನೀರು, ಅದೇ ರಾಟೆ. ಬದಲಾದದ್ದು ಒಂದೇ ಒಂದು.

ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಹಾಗೇ ಇಡಬೇಕು ಎಂದು ನಾನು ಪ್ರತಿ ವರ್ಷ ನೋಟ್ಸ್ ಬರೆಸುತ್ತೇನೆ. ಒಂದು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಆ ತಾಯಿ ಅದನ್ನು ಮಾಡಿ ತೋರಿಸಿದ್ದರು. ತಡೆಯುವ ಬಲ ಎಂದೇ ನಾನು ದೂರುತ್ತಿದ್ದದ್ದು, ಕಣ್ಣಿಗೆ ಕಾಣದ ಎಂಟು ಎಳೆಗಳನ್ನು ಸೀರೆಯಾಗುವಷ್ಟು ಗಟ್ಟಿ ಮಾಡುತ್ತಿತ್ತು. ಅಲ್ಲೇ ಕೈಮುಗಿಯಬೇಕೆನಿಸಿತು, ಕೈಗೆ ಅಂಟಿದ್ದ ನೂಲು ಬಿಡಲಿಲ್ಲ.

ಮರುದಿನ ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿ, ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ಇನ್ನು ಮುಂದೆ ನನಗೆ ಗೊತ್ತಿಲ್ಲದ ಉತ್ತರಕ್ಕೆ ಗೀಟೆಳೆಯದೆ ‘ಎಲ್ಲಿ ನೋಡಿದೆ?’ ಎಂದು ಕೇಳುತ್ತೇನೆ ಎಂದೂ ಮಾತು ಕೊಟ್ಟೆ. ಮೂರನೇ ಬೆಂಚಿನಲ್ಲಿ ನಾಗವೇಣಿ ಕೈ ಕಟ್ಟಿಕೊಂಡು ಕೂತಿದ್ದಳು. ನಾನು ಗುರುತ್ವಕ್ಕೆ ಹೋದೆ. ಚಂದ್ರನ ಮೇಲೆ ನಮ್ಮ ತೂಕ ಇಲ್ಲಿಯ ಆರರಲ್ಲಿ ಒಂದು ಭಾಗವಾಗುತ್ತದೆ ಎಂದೆ.

ಮೂರನೇ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು.

“ಎಲ್ಲಿ ನೋಡಿದ್ರಿ ಸಾರ್?”