ಸರ್ವರ್ ಕಾಯುವ ಅನ್ಬು

“ನೋಡಮ್ಮಾ, ಸ್ಕ್ಯಾನ್ ಕಳ್ಸೋ ಈ ಸರ್ವರ್‌ನಾಗೆ ಫೈಲ್ ಹೆಸ್ರಿಗೆ ಅಂತ ಇಷ್ಟೇ ಜಾಗ ಐತೆ. ಯಾವನೋ ಕಳ್ಳ ಬೇಕಂತ್ಲೇ ಮಾರುದ್ದ ಹೆಸ್ರು ತುರುಕಿದ್ರೆ ಅದು ಪಕ್ಕದ ಜಾಗಕ್ಕೆ ಚೆಲ್ತದೆ, ಅಲ್ಲಿರೋ ಅಪ್ಪಣೆ ಅಳಿಸಿ ತನ್ನ ಅಪ್ಪಣೆ ಬರೀತದೆ. ಆಮೇಲೆ ಮಿಷನ್ನು ನನ್ನ ಮಾತು ಕೇಳಲ್ಲ, ಅವನ ಮಾತು ಕೇಳ್ತದೆ!” ಬಂಗಾರಪೇಟೆಯ ಸ್ಕ್ಯಾನ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅನ್ಬು ಇದನ್ನು ನೆಲ ಒರೆಸುವ ಅಕ್ಕಯ್ಯಮ್ಮನಿಗೆ ಹೇಳುತ್ತಾನೆ, ಟೀ ತರುವವನಿಗೆ ಹೇಳುತ್ತಾನೆ, ಯಾರೂ ಇಲ್ಲದಿದ್ದರೆ ಫ್ಯಾನಿಗೂ ಹೇಳುತ್ತಾನೆ. ಹಾಕಿದ ಬೀಗವನ್ನು ಮೂರು ಸಲ ಜಗ್ಗದೆ ಹೊರಡುವವನಲ್ಲ; ನಂದಿದುರ್ಗ ಚಿನ್ನದ ಗಣಿಯಲ್ಲಿ ಮರದ ಆಸರೆಗಳನ್ನು ತಟ್ಟಿ ನೋಡದೆ ಯಾರನ್ನೂ ಒಳಗೆ ಬಿಡದಿದ್ದ ಅಪ್ಪನ ಮಗ. ಇವತ್ತಂತೂ, ಈ ದೋಷ ಸರಿಪಡಿಸುವವರೆಗೆ ಬೇಡವೆಂದು ಸರ್ವರಿನ ಇಂಟರ್‌ನೆಟ್ ವೈರನ್ನೇ ಕಿತ್ತು ಜೇಬಿಗಿಟ್ಟುಕೊಂಡಿದ್ದಾನೆ. “ಬೆಂಗ್ಳೂರು ಡಾಕ್ಟ್ರು ಕಾಯ್ತಾವ್ರೆ, ಸಿಗ್ಸೋ ಮಾರಾಯಾ!” ಎಂದು ಮ್ಯಾನೇಜರ್ ಕಿರುಚಿದರೂ ಜೇಬಿನ ಮೇಲಿನ ಕೈ ತೆಗೆಯಲಿಲ್ಲ. ಎಲ್ಲರ ಸ್ಕ್ಯಾನನ್ನೂ ಸರದಿಯಂತೆ ಸಿ.ಡಿ.ಗೆ ಹಾಕಿ ಮಧ್ಯಾಹ್ನದ ರೈಲಿನಲ್ಲಿ ತಾನೇ ಒಯ್ಯುತ್ತಾನಂತೆ. ಹದಿನಾರನೆಯ ಸಿ.ಡಿ. ಮೇಲೆ ಅವನು ಬರೆದ ಹೆಸರನ್ನು ಅಕ್ಕಯ್ಯಮ್ಮ ಅಕ್ಷರ ಕೂಡಿಸಿ ಓದಿದಳು. ಕಲಾ. ಅವನ ಹೆಂಡತಿ. ಡಾಕ್ಟರು ಇವತ್ತೇ ನೋಡಬೇಕಾದ ತಲೆಯ ಸ್ಕ್ಯಾನು. “ವೈರ್ ಸಿಗ್ಸಿದ್ರೆ ಈಗ್ಲೇ ಓಗ್ತಿತ್ತಲ್ಲಪ್ಪಾ?” “ಓಗ್ತಿತ್ತಮ್ಮಾ. ಆದ್ರೆ ಎಲ್ಲಾರ್ದೂ ಕಳ್ಳನ ಕೈಗೆ ಸಿಕ್ಬುಟ್ರೆ?” ಅವನು ಹದಿನೇಳನೆಯ ಸಿ.ಡಿ. ಎತ್ತಿಕೊಂಡ. ಅಕ್ಕಯ್ಯಮ್ಮ ಬಟ್ಟೆ ಹಿಂಡಿ, ಅವನ ಕಾಲ ಸುತ್ತಲಿನ ನೆಲವನ್ನು ಒರೆಸಿದಳು.