ಖಾಲಿ ಪೆಟ್ಟಿಗೆಗೆ ಸಲಾಂ

ಆ ಎರಡು ವರ್ಷ ಬೆಳಗ್ಗೆ ಎದ್ದ ಕೂಡಲೇ ನನಗೆ ಸಲಾಂ ಹೇಳುತ್ತಿದ್ದವರು ನನ್ನ ಹೆಂಡತಿಯಲ್ಲ, ಮಗಳಲ್ಲ, ಅಲ್ ಕೂಜ್‌ನ ಕೋಣೆಯಲ್ಲಿ ನನ್ನ ಜೊತೆ ಇದ್ದ ಮೂವರೂ ಅಲ್ಲ. ಅಬುಧಾಬಿ ಕಡೆಯ ಮರಳುಗಾಡಿನಲ್ಲಿ ಒಬ್ಬರೇ ಬದುಕುತ್ತಿದ್ದ ಒಬ್ಬ ಮುದಿ ಕಾವಲುಗಾರರು. ಅವರ ಸಲಾಂ ಫೋಟೋ ಆಗಿ ಬರುತ್ತಿತ್ತು. ಹಲ್ಲುಜ್ಜುತ್ತಾ ಒಂದು ಕೈಯಲ್ಲಿ ಫೋನು ಹಿಡಿದು ನೋಡಿದರೆ, ನೀರಿನ ತೊಟ್ಟಿ, ಅದರ ಪಕ್ಕ ಬಣ್ಣ ಮಾಸಿದ ಕುರ್ತಾ, ಬಲಗೈ ಹಣೆಯ ಹತ್ತಿರ. ಹಲ್ಲು ಮೂರೋ ನಾಲ್ಕೋ ಇದ್ದಿರಬೇಕು. ಇದ್ದಷ್ಟನ್ನೂ ತೋರಿಸಿ ನಗುತ್ತಿದ್ದರು.

ನಾನು ಸೆಕ್ಯುರಿಟಿ ಕ್ಯಾಮೆರಾ ಹಾಕುವ ಕಂಪನಿಯಲ್ಲಿ ಟೆಕ್ನೀಷಿಯನ್. ಮೊದಲು ಅಲ್ ಕುಸೈಸ್‌ನಲ್ಲಿ ಹೆಂಡತಿ ಮಗಳ ಜೊತೆ ಫ್ಲ್ಯಾಟಿನಲ್ಲಿದ್ದೆ. ಮಗಳು ಐದನೇ ಕ್ಲಾಸು ಮುಗಿಸಿದ ವರ್ಷ ಅವರಿಬ್ಬರನ್ನೂ ಊರಿಗೆ ಕಳಿಸಿ ಅಲ್ ಕೂಜ್‌ನಲ್ಲಿ ಬೆಡ್ ಸ್ಪೇಸ್‌ಗೆ, ಅಂದರೆ ಒಂದು ಮಂಚದಷ್ಟು ಜಾಗದ ಬಾಡಿಗೆಗೆ ಬಂದೆ. ಕೋಣೆಯಲ್ಲಿ ನಾಲ್ವರು, ನಾಲ್ವರದೂ ಬೇರೆ ಬೇರೆ ಶಿಫ್ಟು. ಒಬ್ಬರ ಗೊರಕೆ ಇನ್ನೊಬ್ಬರಿಗೆ ಪರಿಚಯವಿತ್ತು, ಮಾತು ಪರಿಚಯವಿರಲಿಲ್ಲ. ಮಗಳಿಗೆ ಫೋನು ಮಾಡಿ "ಊಟ ಆಯ್ತಾ ಮಗಾ?" ಅಂದರೆ, "ಯಾ, ಡನ್. ಅಮ್ಮನಿಗೆ ಕೊಡ್ಲಾ?" ಅನ್ನುತ್ತಿದ್ದಳು. ಅಷ್ಟಕ್ಕೆ ಮುಗಿಯಿತು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಕೋಣೆಯ ಎ.ಸಿ. ಮೇಲೆ ರೇಗುತ್ತಿದ್ದೆ.

ಹೀಗಿರುವಾಗ ಕಂಪನಿಗೆ ಆ ಬೇಟೆ ಜಮೀನಿನ ಕೆಲಸ ಸಿಕ್ಕಿತು. ದೊಡ್ಡ ಮನೆತನದ ಒಬ್ಬರ ಖಾಸಗಿ ಜಾಗ. ಸುತ್ತಲೂ ತಂತಿ ಬೇಲಿ, ಒಳಗೆ ಮರಳು ದಿಬ್ಬ, ಅಲ್ಲಲ್ಲಿ ಘಾಫ್ ಮರ. ಚಳಿಗಾಲದಲ್ಲಿ ಯಜಮಾನರು ಗಿಡುಗಗಳನ್ನು ತಂದು ಹುಬಾರಾ ಎನ್ನುವ ಹಕ್ಕಿಯ ಬೇಟೆ ಆಡುತ್ತಿದ್ದರು. ಉಳಿದ ತಿಂಗಳು ಆ ಹಕ್ಕಿಗಳನ್ನೂ ಜಿಂಕೆಗಳನ್ನೂ ಅಲ್ಲಿಯೇ ಸಾಕುವುದು. ಎಷ್ಟು ಬಂದವು, ಯಾವುದು ಕುಂಟುತ್ತಿದೆ ಎಂದು ತಿಳಿಯಲಿಕ್ಕೆ ನೀರಿನ ತೊಟ್ಟಿ, ಕಾಳು ಹಾಕುವ ಜಾಗಗಳಲ್ಲಿ ಕ್ಯಾಮೆರಾ ಬೇಕಿತ್ತು. ಎದುರಿಗೆ ಏನು ಹಾದುಹೋದರೂ ತಾನಾಗಿಯೇ ಚಿತ್ರ ತೆಗೆದು, ದಿನದ ಚಿತ್ರಗಳನ್ನು ಒಟ್ಟು ಮಾಡಿ ಮಾರನೇ ಬೆಳಗ್ಗೆ ಫೋನಿಗೆ ಕಳಿಸುವ ಕ್ಯಾಮೆರಾಗಳು. ಬ್ಯಾಟರಿ ಬದಲಿಸಲು, ಗಾಜು ಒರೆಸಲು ಪ್ರತಿ ಗುರುವಾರ ಪಿಕಪ್‌ನಲ್ಲಿ ನಾನೊಬ್ಬನೇ ಹೋಗಬೇಕಿತ್ತು.

ಕಾವಲುಗಾರರು ಸಿಂಧ್ ಕಡೆಯವರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅದೇ ಜಮೀನಿನಲ್ಲಿ, ಒಂದೇ ಕ್ಯಾಬಿನ್‌ನಲ್ಲಿ. ನಾನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ಇಂಜಿನಿಯರ್ ಸಾಬ್ ಎನ್ನುತ್ತಿದ್ದರು. ನಾನು ಇಂಜಿನಿಯರ್ ಅಲ್ಲ ಎಂದು ನಾಲ್ಕು ಸಲ ಹೇಳಿ, ಐದನೇ ಸಲ ಸುಮ್ಮನಾದೆ. ಕರೆಯುವವರು ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡೆ. ನಮ್ಮ ಮಾತೆಲ್ಲ ಹಿಂದಿಯಲ್ಲಿ. ಅವರದು ಸಿಂಧಿ ಬೆರೆತ ಹಿಂದಿ, ನನ್ನದು ಮಂಗಳೂರು ಹಿಂದಿ. ಇಬ್ಬರ ವ್ಯಾಕರಣವನ್ನೂ ಸೇರಿಸಿದರೂ ಒಂದು ಸರಿಯಾದ ವಾಕ್ಯ ಆಗುತ್ತಿರಲಿಲ್ಲ.

ಗುರುವಾರ ನಾನು ಅವರ ಒಲೆಯಲ್ಲೇ ಗಂಜಿ ಬೇಯಿಸುತ್ತಿದ್ದೆ. ಅಲ್ ಕುಸೈಸ್‌ನ ಅಂಗಡಿಯಿಂದ ಊರಿನ ಕೆಂಪು ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ ತಂದಿಟ್ಟಿದ್ದೆ. ಮೊದಲ ದಿನ ತಟ್ಟೆ ನೋಡಿ, "ಸಾಬ್, ಯಾರಿಗೆ ಜ್ವರ?" ಎಂದರು. ಮೂರನೇ ವಾರಕ್ಕೆ ಅವರೇ ನೀರು ಕುದಿಯಲಿಟ್ಟು ಕಾಯುತ್ತಿದ್ದರು. ಖಾಲಿಯಾದ ಅಕ್ಕಿ ಚೀಲ ಎಸೆಯಲು ಬಿಡುತ್ತಿರಲಿಲ್ಲ. ಬಿಳಿ ಚೀಲ, ಮೇಲೆ ಕೆಂಪು ಬಣ್ಣದ ಭತ್ತದ ತೆನೆ, ಕೆಳಗೆ ಕನ್ನಡ ಅಕ್ಷರ. ತೊಳೆದು, ಒಣಗಿಸಿ, ಈರುಳ್ಳಿ ತುಂಬಿಡುತ್ತಿದ್ದರು. ಅವರಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಆದರೂ ಆ ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದು ನಿಮ್ಮ ಊರಿನ ಮಾತು" ಎನ್ನುತ್ತಿದ್ದರು.

ಸಲಾಂ ಶುರುವಾದದ್ದು ನನ್ನ ಕೆಲಸದಿಂದಲೇ. ಕ್ಯಾಮೆರಾ ಹಾಕಿದ ಮೇಲೆ ಎದುರು ನಡೆದು, ಕೈ ಎತ್ತಿ, ಚಿತ್ರ ಬೀಳುತ್ತದೋ ನೋಡಬೇಕು. ನಾನು ಹಾಗೆ ಮಾಡುವುದನ್ನು ನೋಡಿ ಚಾಚಾ, "ನಾನು ಕೈ ಎತ್ತಿದರೂ ನಿಮಗೆ ಕಾಣುತ್ತದಾ?" ಎಂದು ಕೇಳಿದರು. ಕಾಣುತ್ತದೆ, ಮರುದಿನ ಬೆಳಗ್ಗೆ ನನ್ನ ಫೋನಿನಲ್ಲಿ ಇರುತ್ತೀರಿ ಎಂದೆ. ಅವತ್ತಿನಿಂದ ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ತೊಟ್ಟಿಯ ಹತ್ತಿರದ ಕಂಬದ ಎದುರು ನಿಲ್ಲುತ್ತಿದ್ದರು. ಆ ಫೋಟೋಗಳನ್ನು ಆಫೀಸಿಗೆ ಕಳಿಸುವ ಮೊದಲು ತೆಗೆದು ಬೇರೆ ಇಡುತ್ತಿದ್ದೆ. ಪ್ರಾಣಿಗಳ ಲೆಕ್ಕದಲ್ಲಿ ಚಾಚಾ ಯಾಕೆ?

ಎರಡನೇ ಚಳಿಗಾಲದ ಮೊದಲು ಕ್ಯಾಮೆರಾ ಕಳವಾಗತೊಡಗಿತು. ಒಂದು ಗುರುವಾರ ಹೋಗಿ ನೋಡಿದರೆ ಮರದಲ್ಲಿ ಕತ್ತರಿಸಿದ ಬೆಲ್ಟು ಮಾತ್ರ ಇತ್ತು. ನಾನು ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಉಕ್ಕಿನ ಕೇಬಲ್ ಸುತ್ತಿ, ಬೀಗ ಹಾಕಿದೆ. ಕೇಬಲ್ಲನ್ನೂ ಕತ್ತರಿಸಿದರು. ಎರಡು ತಿಂಗಳಲ್ಲಿ ಮೂರು ಹೋದವು. ನನ್ನ ಕೈಕೆಲಸಕ್ಕೆ ಯಾರೋ ಮುಖಕ್ಕೆ ಉಗಿದಷ್ಟು ಅವಮಾನವಾಯಿತು.

ನಮ್ಮ ಸೂಪರ್‌ವೈಸರ್ ಮಂಗಳೂರಿನ ಕೊಂಕಣಿಯವರು, ಒಳ್ಳೆಯ ಮನುಷ್ಯ. ಬಾಗಿಲು ಹಾಕಿ ಕೂರಿಸಿ ಹೇಳಿದರು. "ನೋಡಿ ಮಾರಾಯ್ರೆ, ಗೇಟಿನ ಕೀ ಯಾರ ಹತ್ರ ಉಂಟು? ಆ ಮುದುಕನ ಹತ್ರ ಅಲ್ವಾ? ಇನ್ನೊಂದು ಹೋದ್ರೆ ಅವನ ವೀಸಾ ಕ್ಯಾನ್ಸಲ್ ಅಂತ ಜಮೀನಿನ ಮ್ಯಾನೇಜರ್ ಹೇಳಿ ಆಗಿದೆ. ಈ ಸಲ ಒಂದು ಡಮ್ಮಿ ಇಡಿ. ಅಸಲಿದನ್ನು ಎಲ್ಲಾದ್ರೂ ಅಡಗಿಸಿ. ಅವನಿಗೆ ಮಾತ್ರ ಹೇಳ್ಲಿಕ್ಕೇ ಹೋಗ್ಬೇಡಿ."

"ಅವರು ಅಂಥವರಲ್ಲ ಸರ್."

"ಅಲ್ಲ ಅಂತಾದ್ರೆ ಒಳ್ಳೇದೇ ಆಯ್ತಲ್ಲ. ಕ್ಯಾಮೆರಾ ಹೇಳ್ತದೆ."

ವೀಸಾದ ವಿಷಯ ಚಾಚಾರಿಗೂ ಗೊತ್ತಿತ್ತು. ನಾನು ಪೆಟ್ಟಿಗೆ ಇಳಿಸುವಾಗ ಹತ್ತಿರ ಬಂದು, "ಬೀಗ ಗಟ್ಟಿ ಹಾಕಿ ಸಾಬ್. ಇದು ಹೋದರೆ ನಾನೂ ಖಲಾಸ್. ಈ ವಯಸ್ಸಿನಲ್ಲಿ, ಈ ಕಣ್ಣಿಗೆ, ಬೇರೆ ಯಾರು ಕೆಲಸ ಕೊಡುತ್ತಾರೆ?" ಎಂದರು. ಕಣ್ಣಿನಲ್ಲಿ ಪೊರೆ ಬಂದಿತ್ತು. ನಾನು ಕೆಲಸವಿದೆ ಎಂದು ಅವರನ್ನು ಬೇಲಿಯ ಆಚೆ ತುದಿಗೆ, ತಂತಿ ನೋಡಿಕೊಂಡು ಬನ್ನಿ ಎಂದು ಕಳಿಸಿದೆ.

ಅವರು ಅತ್ತ ಹೋದ ಮೇಲೆ ತೊಟ್ಟಿಯ ಕಂಬದಲ್ಲಿದ್ದ ಒಳ್ಳೆಯ ಕ್ಯಾಮೆರಾ ಬಿಚ್ಚಿದೆ. ಅದರ ಜಾಗದಲ್ಲಿ ಒಳಗಿನದೆಲ್ಲ ತೆಗೆದಿದ್ದ ಹಳೆಯ ಕ್ಯಾಮೆರಾದ ಬರೀ ಗೂಡು ಇಟ್ಟು, ಮೇಲೆ ಹೊಳೆಯುವ ಹೊಸ ಬೀಗ ಜಡಿದೆ. ಕಳ್ಳ ಅಲ್ಲಾಡಿಸಿ ನೋಡಿದರೆ ಭಾರ ಬೇಕಲ್ಲ? ಪಿಕಪ್‌ನಲ್ಲಿ ಕೈಗೆ ಸಿಕ್ಕಿದ ಅಕ್ಕಿ ಚೀಲದ ಒಂದು ತುಂಡು ಹರಿದು, ಮರಳು ಕಟ್ಟಿ, ಗೂಡಿನೊಳಗೆ ತುರುಕಿದೆ. ಒಳ್ಳೆಯ ಕ್ಯಾಮೆರಾವನ್ನು ಕಂಬದ ಎದುರಿಗಿದ್ದ ಘಾಫ್ ಮರದ ಮೇಲೆ, ಕಂಬ ಕಾಣುವಂತೆ, ಏಣಿ ಇಟ್ಟರೂ ಕಷ್ಟಪಟ್ಟು ಮುಟ್ಟುವಷ್ಟು ಎತ್ತರದಲ್ಲಿ, ಎಲೆ ಬಣ್ಣದ ಬಟ್ಟೆ ಸುತ್ತಿ ಕಟ್ಟಿದೆ. ಘಾಫ್ ಎಂದರೆ ನಮ್ಮ ಬನ್ನಿ ಮರವೇ. ಬನ್ನಿ ಮರದಲ್ಲಿ ಆಯುಧ ಅಡಗಿಸಿದ ಕಥೆ ಕೇಳದ ಕನ್ನಡಿಗ ಯಾರಿದ್ದಾರೆ? ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಇಳಿದೆ.

ಹೇಳದಿದ್ದದ್ದು ಅವರ ಒಳ್ಳೆಯದಕ್ಕೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗೊತ್ತಿಲ್ಲದವರ ಮೇಲೆ ಅಪವಾದ ಬರುವುದಿಲ್ಲ ಎಂದು. ಈಗ ನಿಜ ಹೇಳುತ್ತೇನೆ: ನನಗೂ ಸಂಶಯವಿತ್ತು. ಒಂದು ಸಾಸಿವೆಯಷ್ಟು. ಆದರೂ ಇತ್ತು.

ಮರುದಿನ ಬೆಳಗ್ಗೆ ಫೋನಿನಲ್ಲಿ ಬಂದದ್ದು ಚಾಚಾರ ಬೆನ್ನು. ನನಗೆ ಇದು ಹೊಳೆದೇ ಇರಲಿಲ್ಲ. ಅವರು ಎಂದಿನಂತೆ ಕಂಬದ ಎದುರು ನಿಂತು ಕೈ ಎತ್ತಿದ್ದರು; ಮರ ಅವರ ಹಿಂದೆ. ಮುಖವಿಲ್ಲ, ನಗುವಿಲ್ಲ. ಮಾಸಿದ ಕುರ್ತಾದ ಬೆನ್ನು, ಎತ್ತಿದ ಮೊಣಕೈ, ಅವರಾಚೆ ಆ ಖಾಲಿ ಪೆಟ್ಟಿಗೆ. ಅದರ ಮರುದಿನವೂ ಹಾಗೆಯೇ. ಒಂದು ದಿನ ಹೆಗಲ ಮೇಲಿನ ಬಟ್ಟೆಯ ಅಂಚಿನಿಂದ ಪೆಟ್ಟಿಗೆಯ ಗಾಜು ಒರೆಸುತ್ತಿದ್ದರು. ಮರಳುಗಾಳಿ ಎದ್ದ ದಿನ ತಮ್ಮ ಕಂಬಳಿ ತಂದು ಅದಕ್ಕೆ ಹೊದಿಸಿ, ಹಾರಿಹೋಗದಂತೆ ಎರಡೂ ಕೈಯಿಂದ ಹಿಡಿದು ನಿಂತಿದ್ದರು. ಆ ಒಂದು ದಿನದಲ್ಲಿ ಹನ್ನೊಂದು ಚಿತ್ರ ಬಂದಿತ್ತು. ಹನ್ನೊಂದರಲ್ಲೂ ಅವರು ಅಲ್ಲೇ ಇದ್ದರು. ನಾನು ಬಸ್ಸಿನಲ್ಲಿ ಕೂತು ಅವನ್ನು ನೋಡಿದೆ. ಆ ಸಾಸಿವೆಯಷ್ಟು ಸಂಶಯ ಅವತ್ತು ಹೋಯಿತು. ಬಾಯಿ ಮಾತ್ರ ಬಿಡಲಿಲ್ಲ.

ಗುರುವಾರ ಗಂಜಿ ಉಣ್ಣುವಾಗ ಕೇಳಿದರು: "ನನ್ನ ಸಲಾಂ ಸಿಗುತ್ತಿದೆ ಅಲ್ಲವಾ ಸಾಬ್?"

"ಸಿಗುತ್ತಿದೆ ಚಾಚಾ," ಎಂದೆ. ಉಪ್ಪಿನಕಾಯಿ ಬಡಿಸಿಕೊಂಡೆ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನ ತಿಂಗಳ ಒಂದು ಶನಿವಾರ ಬೆಳಗ್ಗೆ ಕಳ್ಳರು ನನ್ನ ಫೋನಿನ ಫೋಟೋದಲ್ಲಿ ಸಿಕ್ಕಿದರು. ಶುಕ್ರವಾರ ಮಧ್ಯಾಹ್ನ, ಚಾಚಾ ನೀರಿನ ಟ್ಯಾಂಕರಿನವನ ಜೊತೆ ದೂರದ ಮಸೀದಿಗೆ ಹೋಗಿದ್ದ ಹೊತ್ತಿನಲ್ಲಿ, ಮರಳಿನ ಮೇಲೆ ಓಡಿಸುವ ನಾಲ್ಕು ಚಕ್ರದ ಬೈಕಿನಲ್ಲಿ ಇಬ್ಬರು ಬಂದಿದ್ದರು. ಬೇಲಿ ಕತ್ತರಿಸಿ ಒಳಬಂದು, ಪೆಟ್ಟಿಗೆ ಕಿತ್ತುಕೊಂಡು ಹೋಗುವುದೆಲ್ಲ ಮರದ ಮೇಲಿನಿಂದ ಸ್ಪಷ್ಟವಾಗಿ ಬಿದ್ದಿತ್ತು. ತಿರುಗಿ ಹೊರಟಾಗ ಇಬ್ಬರ ಮುಖವೂ. ಅವರು ಯಾರು, ಆಮೇಲೆ ಏನಾದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಚಾಚಾ ಅಲ್ಲ, ಅಷ್ಟೇ ನನಗೆ ಬೇಕಿದ್ದದ್ದು. ಸೂಪರ್‌ವೈಸರ್ ಫೋನಿನಲ್ಲಿ, "ಮುದುಕ ಬಚಾವ್ ಆದ ಮಾರಾಯ್ರೆ, ನಿಮ್ಮಿಂದಾಗಿ," ಎಂದರು. ನಾನು ಒಂದು ಕಿಲೋ ಮೈಸೂರುಪಾಕ್ ಕಟ್ಟಿಸಿಕೊಂಡು ಗಾಡಿ ಓಡಿಸಿದೆ.

ಕ್ಯಾಬಿನ್ ಬಾಗಿಲು ತೆರೆದಿತ್ತು. ಚಾಚಾ ಮಂಚದ ಮೇಲೆ ಕೂತಿದ್ದರು. ಕಾಲ ಬಳಿ ತಗಡಿನ ಟ್ರಂಕು, ಹಗ್ಗ ಬಿಗಿದದ್ದು. ಪೆಟ್ಟಿಗೆ ಹೋಯಿತು, ತಾನೂ ಹೊರಡಬೇಕು ಎಂದು ಅವರೇ ಗಂಟು ಕಟ್ಟಿಕೊಂಡಿದ್ದರು. ನಾನು ಬಾಗಿಲಲ್ಲೇ ನಿಂತು ಎಲ್ಲ ಒಂದೇ ಉಸಿರಿಗೆ ಹೇಳಿದೆ: ಕಳ್ಳರ ಫೋಟೋ ಸಿಕ್ಕಿದೆ, ನಿಮ್ಮ ಮೇಲೆ ಏನೂ ಇಲ್ಲ, ವೀಸಾ ಎಲ್ಲೂ ಹೋಗುವುದಿಲ್ಲ. ಅವರು ಪೂರ್ತಿ ಕೇಳಿದರು. "ಅಲ್ಹಮ್ದುಲಿಲ್ಲಾ," ಎಂದರು. ಆಮೇಲೆ ಎದ್ದು, ಮೂಲೆಯಿಂದ ಒಂದು ವಸ್ತು ತಂದು ನನ್ನ ಎದುರು ಇಟ್ಟರು.

ಅದೇ ಡಮ್ಮಿ. ಕಳ್ಳರು ಬೇಲಿಯ ಹತ್ತಿರ ಒಡೆದು ನೋಡಿ, ಏನಿಲ್ಲವೆಂದು ಎಸೆದು ಹೋಗಿದ್ದರು. ಚಾಚಾ ಅದನ್ನು ಹುಡುಕಿ ತಂದಿದ್ದರು. ಅದರ ಪಕ್ಕದಲ್ಲಿ, ತೊಳೆದು ಒಣಗಿಸಿ ನಾಲ್ಕಾಗಿ ಮಡಚಿದ ಬಿಳಿ ತುಂಡು. ಅರ್ಧ ಭತ್ತದ ತೆನೆ, ಕೆಳಗೆ ಕನ್ನಡದ ಎರಡು ಅಕ್ಷರ.

"ಈ ಚೀಲ ನಿಮ್ಮದು ಸಾಬ್," ಎಂದರು. "ಇಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ."

ನಾನು ಮೇಲಿನವರ ಆರ್ಡರ್ ಎಂದೆ. ನಿಮ್ಮ ಒಳ್ಳೆಯದಕ್ಕೇ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಹಿಂದಿ ಇನ್ನೂ ಕೆಟ್ಟಿತು.

"ಅಸಲಿ ಎಲ್ಲಿತ್ತು?"

ಹೊರಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕಂಬವನ್ನು ನೋಡಿದರು, ಮರವನ್ನು ನೋಡಿದರು, ದಿನಾ ತಾವು ನಿಲ್ಲುತ್ತಿದ್ದ ಜಾಗವನ್ನು ನೋಡಿದರು. ಬೆಳಕಿಗೆ ಕೈ ಅಡ್ಡ ಹಿಡಿದು, ಪೊರೆ ಬಂದ ಕಣ್ಣಿನಿಂದ ಕೊಂಬೆಯಲ್ಲಿ ತುಂಬಾ ಹೊತ್ತು ಹುಡುಕಿದರು.

"ಅಂದರೆ ನಿಮಗೆ ಬರುತ್ತಿದ್ದದ್ದು ನನ್ನ ಬೆನ್ನು," ಎಂದರು. ಆಮೇಲೆ ಕೇಳಿದರು: "ನೀವೂ ನನ್ನನ್ನು ಕಳ್ಳ ಅಂದುಕೊಂಡಿದ್ದಿರಾ?"

ಇಲ್ಲ ಎಂದೆ. ಆದರೆ ಕೂಡಲೇ ಹೇಳಲಿಲ್ಲ. ಆ ಒಂದು ಗಳಿಗೆಯ ತಡ ಅವರಿಗೂ ತಿಳಿಯಿತು, ನನಗೂ ತಿಳಿಯಿತು. ಅವರು ಒಳಗೆ ಹೋಗಿ ಚಹಾ ಇಟ್ಟರು. ಮೈಸೂರುಪಾಕ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದರು. ಟ್ರಂಕಿನ ಹಗ್ಗ ಬಿಚ್ಚುವಾಗ ನಾನು ಕೈ ಹಾಕಹೋದೆ. ಬೇಡ, ಗಂಟು ನನ್ನದು, ನನಗೇ ಬಿಚ್ಚಲು ಬರುತ್ತದೆ ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದೇ ವಾರ ಕೇಳಿಕೊಂಡು ಅನುಮತಿ ಪಡೆದು ಕಂಬದಲ್ಲಿ ಮತ್ತೆ ಅಸಲಿ ಕ್ಯಾಮೆರಾ ಹಾಕಿದೆ, ಮುಖಕ್ಕೆ ಮುಖ ಬರುವಂತೆ. ಚಾಚಾರನ್ನು ಕರೆದು, ಮುಚ್ಚಳ ತೆಗೆದು, ಒಳಗಿನ ದೀಪ ಮಿನುಗುವುದನ್ನು ತೋರಿಸಿದೆ. "ಇದು ಅಸಲಿ ಚಾಚಾ, ನೋಡಿ," ಎಂದೆ. "ಹಾಂ ಸಾಬ್," ಎಂದರು.

ಆಮೇಲೆ ನನ್ನ ಫೋನಿಗೆ ಜಿಂಕೆ ಬಂದವು, ಹುಬಾರಾ ಬಂದವು, ಒಂದು ನರಿ ಬಂತು. ಚಾಚಾ ಬರಲಿಲ್ಲ. ತೊಟ್ಟಿಗೆ ನೀರು ಬಿಡುವುದು ಅವರೇ, ದಿನಾ ಆ ಕಡೆ ಹೋಗದೆ ವಿಧಿಯಿಲ್ಲ. ಗುರುವಾರ ಹೋಗಿ ನೋಡಿದಾಗ ಗೊತ್ತಾಯಿತು: ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ, ಕಂಬದ ಹಿಂದಿನಿಂದ ಸುತ್ತುಬಳಸಿ, ಮರಳಿನಲ್ಲಿ ಅವರ ಚಪ್ಪಲಿಯ ಹೊಸ ದಾರಿಯೇ ಆಗಿತ್ತು. ಗಂಜಿಗೆ ನೀರು ಕುದಿಯಲಿಡುವುದನ್ನು ಅವರು ನಿಲ್ಲಿಸಲಿಲ್ಲ. ನನ್ನೊಡನೆ ಕೂತು ಉಂಡರು, ಜಿಂಕೆ ಮರಿ ಹಾಕಿದ್ದನ್ನು ಹೇಳಿದರು. ಸಲಾಂ ಸಿಗುತ್ತದಾ ಎಂದು ಮಾತ್ರ ಮತ್ತೆ ಕೇಳಲಿಲ್ಲ.

ಅವತ್ತು ಹೊರಡುವ ಮೊದಲು ಗಾಜು ಒರೆಸಿ, ಬ್ಯಾಟರಿ ಬದಲಿಸಿ, ಪದ್ಧತಿಯಂತೆ ಎದುರು ನಡೆದು ಕೈ ಎತ್ತಿದೆ. ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಾ ಫೋನು ತೆಗೆದರೆ ತೊಟ್ಟಿಯ ಪಕ್ಕ ಯಾರೋ ಸಲಾಂ ಹೇಳುತ್ತಾ ನಿಂತಿದ್ದರು. ದೊಡ್ಡದು ಮಾಡಿ ನೋಡಿದೆ. ನಾನೇ.