ಎರಡು ಕೈ ಬೇಕಾದ ಡಬ್ಬಿ

ಕೋಟಿನ ಎಡಜೇಬಿನಲ್ಲಿ ಇನ್ನೂ ಸೀಮೆಸುಣ್ಣದ ವಾಸನೆ ಇದೆ. ಭಾನುವಾರ ಆ ಕೋಟು ಹಾಕಿಕೊಂಡು ಸಭೆಗೆ ಹೋಗಿ ಬಂದೆ. ಅವತ್ತಿನಿಂದ ಅದನ್ನು ಡ್ರೈ ಕ್ಲೀನಿಂಗಿಗೆ ಕೊಡಿ ಎಂದು ಹೆಂಡತಿ ಹಿಂದೆ ಬಿದ್ದಿದ್ದಾಳೆ. ನಾನು ಕೊಟ್ಟಿಲ್ಲ. ಜೇಬಿಗೆ ಕೈ ಹಾಕಿದರೆ ಬೆರಳ ತುದಿಗೆ ಬಿಳಿ ಪುಡಿ ಹತ್ತುತ್ತದೆ. ಅದನ್ನು ಮೂಗಿನ ಹತ್ತಿರ ತಂದರೆ ಸಾಕು, ಮತ್ತೆ ಸರಟೋಗಾದ ಗುಡ್ಡದಲ್ಲಿ ಇಬ್ಬನಿಗೆ ಒದ್ದೆಯಾದ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿರುತ್ತೇನೆ. ಪಕ್ಕದಲ್ಲಿ ವೈನಿ, ಮೊಣಕಾಲ ಮೇಲೆ ಕ್ಯಾಮೆರಾ, ಇಬ್ಬರೂ ಉಸಿರು ಬಿಗಿಹಿಡಿದು...

ಇಲ್ಲಿನ ನಮ್ಮ ಕನ್ನಡ ಸಂಘದ ಹುಡುಗರು ಸಂಚಿಕೆಗೆ ಆ ಕಾಲದ ನೆನಪು ಬರೆದುಕೊಡಿ ಎಂದು ಬಹಳ ದಿನದಿಂದ ಕೇಳುತ್ತಿದ್ದಾರೆ. "ಏನಾದ್ರೂ ಸ್ವೀಟ್ ಆಗಿರೋದು ಬರೀರಿ ಅಂಕಲ್" ಎಂದರು. ಸಿಹಿಯಾದದ್ದು ನನ್ನ ಹತ್ತಿರ ಇಲ್ಲ. ಇರುವುದನ್ನು ಬರೆಯುತ್ತಿದ್ದೇನೆ. ಅಚ್ಚು ಹಾಕುವುದಿದ್ದರೆ ಒಂದು ಸಾಲನ್ನೂ ತೆಗೆಯದೆ ಹಾಕಲಿ, ಇಲ್ಲದಿದ್ದರೆ ವಾಪಸು ಕೊಡಲಿ.

ವೈನಿ ನನಗೆ ಸಂಬಂಧಿಯಲ್ಲ. ನಮ್ಮ ಗದಗಿನ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ಆಕೆ ಧಾರವಾಡದವರು, ನನಗಿಂತ ಸಾಕಷ್ಟು ದೊಡ್ಡವರು. ಹಾಗಾಗಿ ಆ ಹೆಸರು ತಾನಾಗಿಯೇ ಬಾಯಿಗೆ ಬಂತು. ಎಂಬತ್ತರ ದಶಕದ ಮಾತು. ಭಾವ ಕರೆಸಿಕೊಂಡದ್ದರಿಂದ ಈ ದೇಶಕ್ಕೆ ಬಂದವನು ನಾನು, ಓದಿದ್ದು ಎಸ್ಸೆಸ್ಸೆಲ್ಸಿ. ಸ್ಯಾನ್ ಮಟಿಯೋದಲ್ಲಿ ಫಿಲ್ಮು ತೊಳೆದು ಫೋಟೋ ಮಾಡಿಕೊಡುವ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಸಂಘದಲ್ಲಿ ಉಳಿದವರೆಲ್ಲ ಇಂಜಿನಿಯರುಗಳು, ಡಾಕ್ಟರುಗಳು. ಅವರು ಕಾಫಿ ಕುಡಿಯುತ್ತ ವಲಯ ಕಟ್ಟಿಕೊಂಡು ನಿಂತಾಗ ನಾನು ಕುರ್ಚಿ ಜೋಡಿಸುತ್ತಿದ್ದೆ.

ವೈನಿಯ ಯಜಮಾನರೂ ಇಂಜಿನಿಯರು. ಒಂದು ಬೇಸಿಗೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಮಗ ದೂರದ ರಾಜ್ಯದಲ್ಲಿ ಓದುತ್ತಿದ್ದ. ಕೆಲವು ತಿಂಗಳ ಮೇಲೆ ವೈನಿ ನನ್ನ ಅಂಗಡಿಗೆ ಒಂದು ರೋಲು ತಂದರು. ಯಜಮಾನರ ಕ್ಯಾಮೆರಾದಲ್ಲಿ ಉಳಿದದ್ದು. ತೊಳೆದು ನೋಡಿದರೆ ಒಂದೊಂದರಲ್ಲೂ ಗುಡ್ಡದ ಹುಲ್ಲು, ಹುಲ್ಲಿನ ನಡುವೆ ದೂರದಲ್ಲಿ ಕಪ್ಪು ಚುಕ್ಕೆಗಳು.

"ಇವೇನೋ ತಮ್ಮಾ, ಕಲ್ಲೇನು?"

"ಅಲ್ರಿ ವೈನಿ, ಟರ್ಕಿ. ಕಾಡಿನ್ಯಾಗಿನ ಕೋಳಿ. ವಸಂತದಾಗ ಗಂಡು ನವಿಲಿನಂಗ ಬಾಲ ಬಿಚ್ಚಿ ನಿಂದರತೈತಿ."

ಆಕೆ ಫೋಟೋಗಳನ್ನು ಕೌಂಟರಿನ ಮೇಲೆ ಇಸ್ಪೀಟಿನಂತೆ ಹರಡಿ ನೋಡಿದರು. ಆಮೇಲೆ ನಕ್ಕರು. ಯಜಮಾನರು ಹೋದ ಮೇಲೆ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ದಿನಾ ಮುಂಜಾನೆ ವಾಕಿಂಗ್ ಅಂತ ಹೇಳಿ ಹೋಗ್ತಿದ್ರು. ಕೋಳಿ ಬೆನ್ನ ಹತ್ತಿದ್ರ ಇವ್ರು!" ಎಂದರು. ಫೋಟೋಗಳನ್ನು ಒಟ್ಟುಮಾಡುತ್ತ, ನಗು ಇಲ್ಲದೆ ಹೇಳಿದರು: "ಅವರಿಗೆ ಸಿಗಲಿಲ್ಲ. ನನಗ ಬೇಕು. ಬಾಲ ಬಿಚ್ಚಿ ನಿಂತದ್ದು, ಮಾರಿ ಕಾಣೂ ಹಂಗ. ಯುಗಾದಿಗೆ ಹಾಲ್‌ನ್ಯಾಗ ಎಲ್ಲಾರೂ ಕಸೂತಿ, ರಂಗೋಲಿ ಚಿತ್ರ ಗ್ವಾಡಿಗೆ ಹಚ್ಚತಾರಲಾ... ನಾ ಇದನ್ನ ಹಚ್ಚತೀನಿ."

ಇದು ಎಂಥ ಮಾತು ಎಂದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ಸಂಘ ಹಬ್ಬ ಮಾಡುವ ಆ ಹಾಲ್‌ನಲ್ಲಿ ಆಕೆಗೆ ಅಡುಗೆಮನೆಯ ಬಾಗಿಲ ಹತ್ತಿರ ಒಂದು ಜಾಗ ಇತ್ತು. ಕುಂಕುಮದ ಬಟ್ಟಲು ಹೆಂಗಸರ ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಆಕೆಯ ಮುಂದೆ ನಿಲ್ಲದೆ ಮುಂದೆ ಹೋಗುತ್ತಿತ್ತು. ಯಾರೂ ಕೆಟ್ಟವರಲ್ಲ. ಎಲ್ಲರೂ ಓದಿದವರು. ಬಟ್ಟಲು ಮಾತ್ರ ನಿಲ್ಲುತ್ತಿರಲಿಲ್ಲ.

ಬೇಟೆ ಸಾಮಾನಿನ ಅಂಗಡಿಯಿಂದ ನಾನು ಒಂದು ಮರದ ಡಬ್ಬಿ ತಂದೆ. ಅಂಗೈಯಗಲದ ಉದ್ದನೆಯ ಡಬ್ಬಿ, ಒಂದು ತುದಿಯಲ್ಲಿ ತಿರುಪು ಹಾಕಿ ಕೂರಿಸಿದ ಮುಚ್ಚಳ. ಮುಚ್ಚಳದ ಒಳಮೈಗೆ ಸೀಮೆಸುಣ್ಣ ತಿಕ್ಕಿ, ಡಬ್ಬಿಯ ಅಂಚಿನ ಮೇಲೆ ಮೆಲ್ಲಗೆ ಎಳೆದರೆ ಹೆಣ್ಣು ಟರ್ಕಿಯ ದನಿ ಬರುತ್ತದೆ. ಎಡಗೈಯಲ್ಲಿ ಡಬ್ಬಿ, ಬಲಗೈಯಲ್ಲಿ ಮುಚ್ಚಳ. ಆ ಉದ್ದ ಲೆನ್ಸಿನ ಕ್ಯಾಮೆರಾಕ್ಕೂ ಎರಡು ಕೈ ಬೇಕು. ಹಕ್ಕಿಯ ಕಣ್ಣು ಎಷ್ಟು ಚುರುಕೆಂದರೆ, ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಅದು ಮಾಯ. ಆದ್ದರಿಂದ ಇಬ್ಬರು ಬೇಕು. ಕಾರಣ ಇಷ್ಟೇ. ನಲವತ್ತು ವರ್ಷದಲ್ಲಿ ಈ ಕಾರಣವನ್ನು ಯಾರೂ ನನ್ನನ್ನು ಕೇಳಲಿಲ್ಲ.

ಬೆಳಗಿನ ಜಾವ ಒಬ್ಬ ವಿಧವೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಕಾಡಿಗೆ ಹೋದದ್ದು ತಪ್ಪು ಎನ್ನುವವರು ಇವತ್ತಿಗೂ ಇದ್ದಾರೆ. ಅದಕ್ಕೆ ನಾನು ತಪ್ಪೊಪ್ಪಿಕೊಳ್ಳುವುದಿಲ್ಲ. ಈಗ ಕಾಲು ಗಟ್ಟಿ ಇದ್ದು, ಆಕೆ ಬಾ ಎಂದರೆ ನಾಳೆಯೇ ಹೋಗುತ್ತೇನೆ. ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು. ಹಚ್ಚಿದ ಅವಲಕ್ಕಿ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿ ಕಳಿಸುತ್ತಿದ್ದವಳೇ ಅವಳು. "ನಿಮ್ಮ ಮಾರಿ ನೋಡಿ ಆ ಕೋಳಿನೂ ಬರಂಗಿಲ್ಲ, ಮರದ ಹಿಂದ ಕುಂದರ್ರಿ" ಎಂದು ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಬೇಲಿಯಾಚೆಯ ಜಮೀನಿನಲ್ಲಿ ವಸಂತದಲ್ಲಿ ಬೇಟೆಗಾರರು ಬರುತ್ತಿದ್ದರು. ಅದಕ್ಕೆ ಕಾಡಿಗೆ ಹೋಗುವವರು ಕೆಂಪು, ಬಿಳಿ, ನೀಲಿ ಬಟ್ಟೆ ಹಾಕಬಾರದು. ಗಂಡು ಟರ್ಕಿಯ ತಲೆ ಅದೇ ಮೂರು ಬಣ್ಣದ್ದು, ಪೊದೆಯಲ್ಲಿ ಆ ಬಣ್ಣ ಅಲ್ಲಾಡಿದರೆ ಗುಂಡು ಬೀಳಬಹುದು. ಇದನ್ನು ಹೇಳಿದಾಗ ವೈನಿ ಯಜಮಾನರ ಕಂದು ಸ್ವೆಟರಿನ ತೋಳು ಮಡಚುತ್ತ ನನ್ನನ್ನು ನೋಡಿದರು. "ಇಲ್ಲೆ ಯಾರೂ ಕೆಂಪು ಹಚ್ಚೂ ಹಂಗಿಲ್ಲಲಾ? ಛಲೋ ಆತು ಬಿಡು. ಇಲ್ಲೆ ಎಲ್ಲಾರೂ ನನ್ನಂಗ" ಎಂದರು. ನಾನು ಡಬ್ಬಿಗೆ ಸೀಮೆಸುಣ್ಣ ತಿಕ್ಕಿದೆ.

ಕರೆಯುವುದರಲ್ಲಿ ಒಂದು ಹದ ಇದೆ. ಎರಡು ಮೂರು ಸಲ ಕರೆದು ಸುಮ್ಮನಾಗಬೇಕು. ದೂರದ ದಿಣ್ಣೆಯಿಂದ ಗಂಡಿನ ಗುಳುಗುಳು ದನಿ ಉತ್ತರ ಕೊಡುತ್ತದೆ. ಆಗ ಆಸೆಗೆ ಬಿದ್ದು ಮತ್ತೆ ಮತ್ತೆ ಕರೆದರೆ ಕೆಲಸ ಕೆಟ್ಟಿತು. ಅದು ನಿಂತಲ್ಲೇ ನಿಂತು, ಹೆಣ್ಣೇ ತನ್ನ ಕಡೆ ಬರಲಿ ಎಂದು ಕಾಯುತ್ತದೆ. "ಗಂಡಸ್ರು ಎಲ್ಲಾ ಕಡೆ ಒಂದ ನಮೂನಿ" ಎಂದು ವೈನಿ ಪಿಸುಗುಟ್ಟುತ್ತಿದ್ದರು. ನಗು ತಡೆಯಲು ನಾನು ತುಟಿ ಕಚ್ಚಿಕೊಳ್ಳುತ್ತಿದ್ದೆ. ಕೆಲವು ದಿನ ಹಕ್ಕಿ ಬೆನ್ನ ಹಿಂದೆ ಬಂದು ಹೋಯಿತು. ಕೆಲವು ದಿನ ಮಂಜಿಗೆ ಲೆನ್ಸು ಮಸುಕಾಯಿತು. ಒಂದು ದಿನ ಗಂಡು ಎದುರಿಗೇ ಬಂದು ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಎಳೆಯುತ್ತ ನಿಂತಿತು. ವೈನಿ ಗುಂಡಿ ಒತ್ತಿದರು. ರೋಲು ಮುಗಿದಿತ್ತು... ಆಕೆ ಬೈಯಲಿಲ್ಲ, ಅಳಲಿಲ್ಲ. ಅದು ಹೋಗುವವರೆಗೂ ಕಣ್ಣು ತುಂಬ ನೋಡಿದರು.

ಅವತ್ತು ವಾಪಸು ಬರುವಾಗ ದಾರಿಯ ಬದಿಯಲ್ಲಿ ಒಂದು ಗಿಡ ಕಂಡಿತು. ಮಿರಿಮಿರಿ ಹೊಸ ಚಿಗುರು, ಒಂದು ತೊಟ್ಟಿಗೆ ಮೂರು ಎಲೆ. "ಥೇಟ್ ಬಿಲ್ವಪತ್ರಿ! ನಾಳೆ ಸೋಮವಾರ" ಎಂದು ವೈನಿ ಹಿಗ್ಗಿದರು. ನಾನು ಕೊಂಬೆ ಬಗ್ಗಿಸಿ ಹಿಡಿದೆ, ಆಕೆ ಸ್ವೆಟರಿನ ಮಡಿಲು ತುಂಬ ಕಿತ್ತರು. ಶಿವನಿಗೆ ಅದು ಏರಿತು. ಎರಡು ದಿನಕ್ಕೆ ನಮ್ಮಿಬ್ಬರ ಕೈ, ಕುತ್ತಿಗೆ ಎಲ್ಲ ದದ್ದು, ನೀರುಗುಳ್ಳೆ, ತಡೆಯಲಾರದ ತುರಿಕೆ. ಅದು ಪಾಯ್ಸನ್ ಓಕ್, ಮುಟ್ಟಿದರೆ ಉರಿಯೇಳಿಸುವ ಗಿಡ ಎಂದು ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಇಬ್ಬರೂ ಗುಲಾಬಿ ಬಣ್ಣದ ಔಷಧಿ ಬಳಿದುಕೊಂಡೇ ಆ ವಾರ ಯುಗಾದಿಗೆ ಹೋದೆವು. ಫೋಟೋ ಇಲ್ಲದೆ.

ಹಾಲ್‌ನಲ್ಲಿ ಕಾಫಿಯ ದೊಡ್ಡ ಪಾತ್ರೆಯ ಹತ್ತಿರ ಗಂಡಸರ ವಲಯ ನಿಂತಿತ್ತು. ಸಂಘದ ಅಧ್ಯಕ್ಷರು ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಏನಪ್ಪಾ, ನಿಂಗೂ ರ‍್ಯಾಶು, ಆ ಆಂಟಿಗೂ ರ‍್ಯಾಶು! ಒಂದೇ ಪೊದೆ ಹಿಂದೆ ಕೂತಿದ್ರಾ?"

ಎಲ್ಲರೂ ನಕ್ಕರು. ಬಿಲ್ವಪತ್ರೆಯ ಕತೆ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದರು, ಆದರೆ ಆ ನಗು ಬೇರೆ ಆಗುತ್ತಿತ್ತು. ನಾನು ನನ್ನ ಊರಿನ ಮಾತನ್ನೂ ಬಿಟ್ಟು ಅವರ ಧಾಟಿಯಲ್ಲಿ ಹೇಳಿದೆ: "ಅಯ್ಯೋ ಬಿಡಿ ಸಾರ್. ಯಜಮಾನ್ರು ಹೋದ್ಮೇಲೆ ಪಾಪ ಅವ್ರಿಗೆ ಸ್ವಲ್ಪ... ಕರೀತಾರೆ, ಹೋಗ್ತೀನಿ." ಹೇಳುತ್ತ ಕಿವಿಯ ಹತ್ತಿರ ಬೆರಳು ತಂದು ಒಂದು ಸುತ್ತು ತಿರುಗಿಸಿದೆ.

ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿದರು. ಯಾರೋ ಕಾಫಿ ತಂದು ಕೊಟ್ಟರು. ಆ ವಲಯದೊಳಗೆ ನಾನು ನಿಂತದ್ದು ಅದೇ ಮೊದಲು, ಹಿತವಾಗಿತ್ತು. ಹಿತವಾಗಿತ್ತು ಎಂಬುದನ್ನೂ ಬರೆಯಬೇಕು.

ತಿರುಗಿದರೆ ಹಿಂದೆ ವೈನಿ. ಅಡುಗೆಮನೆಯಲ್ಲಿ ಕೈ ಸಾಲದೆ ಬೇವುಬೆಲ್ಲದ ಬಟ್ಟಲು ಆಕೆಯ ಕೈಗೆ ಬಂದಿತ್ತು. ಊರಿನಿಂದ ಯಾರೋ ಸೂಟ್‌ಕೇಸಿನಲ್ಲಿ ತಂದ ಒಣ ಬೇವಿನ ಎಲೆ, ಬೆಲ್ಲ. ಆಕೆ ಎಲ್ಲರಿಗೂ ಹಾಕಿದಂತೆ ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದರು. "ತಗೋರಿ" ಎಂದರು. ಅಲ್ಲಿಯವರೆಗೆ ನಾನು ಆಕೆಗೆ ತಮ್ಮನಾಗಿದ್ದೆ.

ಶನಿವಾರ ಏನೂ ಆಗಿಲ್ಲವೆಂಬಂತೆ ಗುಡ್ಡದ ಬುಡದಲ್ಲಿದ್ದ ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ವೈನಿ ಸ್ವೆಟರು ಹಾಕಿಕೊಂಡು, ಕೊರಳಲ್ಲಿ ಕ್ಯಾಮೆರಾ ಇಳಿಬಿಟ್ಟುಕೊಂಡೇ ಬಾಗಿಲು ತೆಗೆದರು. ನಾನು ಡಬ್ಬಿ ಮುಂದೆ ಚಾಚಿದೆ. "ಅದು ನಿಮ್ಮ ಕಡೆನ ಇರಲಿ. ನಂದು ಎರಡೂ ಕೈ ಕ್ಯಾಮೆರಾಕ್ಕ ಬೇಕು" ಎಂದು ಹೇಳಿ, ನನ್ನನ್ನು ದಾಟಿ ಗುಡ್ಡದ ಕಡೆ ನಡೆದುಹೋದರು. ನಾನು ಕ್ಷಮೆ ಕೇಳದೆ ಕಾರು ತಿರುಗಿಸಿದೆ. ಇನ್ನು ಆಕೆಗೆ ಆ ಫೋಟೋ ಸಿಗುವುದಿಲ್ಲ, ನಾನೇ ತಪ್ಪಿಸಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದರಲ್ಲೂ ಒಂದು ಸೊಕ್ಕು ಇತ್ತು.

ಮರುವರ್ಷದ ಯುಗಾದಿಯ ಬೆಳಿಗ್ಗೆ ನಾನು ಕುರ್ಚಿ ಜೋಡಿಸುತ್ತಿದ್ದಾಗ ವೈನಿ ಬಂದರು. ಸೀರೆಯ ಮೇಲೆ ಅದೇ ಕಂದು ಸ್ವೆಟರು, ಕಂಕುಳಲ್ಲಿ ದೊಡ್ಡ ಚೌಕಟ್ಟು. ಯಾರನ್ನೂ ಕೇಳದೆ ವೇದಿಕೆಯ ಪಕ್ಕ, ಕಸೂತಿಯ ಸಾಲಿನ ನಡುವೆ ಒಂದು ಮೊಳೆಗೆ ಅದನ್ನು ತೂಗುಹಾಕಿದರು. ನನ್ನ ಅಂಗಡಿಯಲ್ಲಿ ತೊಳೆಸಿದ್ದಲ್ಲ. ಬಿಸಿಲು ಹಿಂದಿನಿಂದ ಬಿದ್ದು ಬಾಲದ ಗರಿಯ ಒಂದೊಂದು ಎಳೆಯೂ ಕಂಚಿನಂತೆ ಹೊಳೆಯುತ್ತಿತ್ತು. ತಲೆಯ ಕೆಂಪು, ಬಿಳಿ, ನೀಲಿ. ಕಣ್ಣು ನೇರ ನಮ್ಮನ್ನೇ ನೋಡುತ್ತಿತ್ತು.

ಮಕ್ಕಳು ಸುತ್ತುವರಿದರು. "ವಾವ್! ಆಂಟಿ, ಹೌ ಡಿಡ್ ಯು ಗೆಟ್ ಸೋ ಕ್ಲೋಸ್?"

"ಕರದೆ. ಬಂತು" ಎಂದರು ವೈನಿ.

"ಹೌ?"

ಆಕೆ ಸೆರಗು ಸರಿಮಾಡಿಕೊಂಡು, ಕತ್ತು ಎತ್ತಿ ಕರೆದರು. ಡಬ್ಬಿ ಇಲ್ಲ, ಸೀಮೆಸುಣ್ಣ ಇಲ್ಲ, ಬರಿಯ ಗಂಟಲು. ಆ ದನಿ ಹಾಲ್‌ನ ಗೋಡೆಗಳಿಗೆ ಬಡಿದು ವಾಪಸು ಬಂತು. ನನ್ನ ಡಬ್ಬಿ ಎಂದೂ ಅಷ್ಟು ನಿಜವಾಗಿ ಕೂಗಿರಲಿಲ್ಲ. ಬಾಗಿಲ ಹತ್ತಿರ ಮೆಲ್ಲಗೆ ಮಾತಾಡಿ ಅಭ್ಯಾಸವಾದ ಹೆಂಗಸು... ಹೆಂಗಸರ ಸಾಲಿನಲ್ಲಿ ಹೋಗುತ್ತಿದ್ದ ಕುಂಕುಮದ ಬಟ್ಟಲು ಒಂದು ಕ್ಷಣ ನಿಂತಿತು.

"ಒನ್ ಮೋರ್ ಟೈಮ್, ಆಂಟಿ!" ಎಂದು ಮಕ್ಕಳು ಕುಣಿದರು. ಅಧ್ಯಕ್ಷರ ಭಾಷಣ ಮುಗಿಯುವವರೆಗೂ ಮೇಜಿನ ಕೆಳಗಿನಿಂದ, ಪರದೆಯ ಹಿಂದಿನಿಂದ ಟರ್ಕಿಗಳು ಕೂಗುತ್ತಲೇ ಇದ್ದವು.

ಭಾಷಣ ಮುಗಿಸಿ ಇಳಿದ ಅಧ್ಯಕ್ಷರು ದೂರದಿಂದ ನನ್ನನ್ನು ನೋಡಿ, ಕಣ್ಣಲ್ಲೇ ವೈನಿಯನ್ನು ತೋರಿಸಿ, ಕಿವಿಯ ಹತ್ತಿರ ಬೆರಳು ತಿರುಗಿಸಿದರು. ನಾನು ಕಲಿಸಿದ ಸನ್ನೆ. ವೈನಿ ಅಲ್ಲೇ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಹೌದು ಎಂಬಂತೆ.

ನನ್ನ ತಪ್ಪು ಇದು, ಕಾಡಿಗೆ ಹೋದದ್ದಲ್ಲ. ಮೊದಲನೆಯ ಸಲ ಹೆದರಿ ಮಾಡಿದೆ ಎನ್ನಬಹುದು. ಎರಡನೆಯ ಸಲಕ್ಕೆ ಏನನ್ನಲಿ?

ಆಮೇಲೆ ವೈನಿ ಮಗನಿದ್ದ ಊರಿಗೆ ಹೊರಟುಹೋದರು. ನಾನು ಫೋನು ಮಾಡಲಿಲ್ಲ. ಈಗ ಸರಟೋಗಾದ ಬೀದಿಗಳಲ್ಲಿ ಟರ್ಕಿಗಳು ಹಿಂಡುಹಿಂಡಾಗಿ ಅಡ್ಡಾಡುತ್ತವೆ. ಜನ ಕಾರಿನಿಂದ ಇಳಿಯದೆ ಫೋನಿನಲ್ಲೇ ಫೋಟೋ ಹಿಡಿಯುತ್ತಾರೆ. ಯಾರೂ ಕರೆಯಬೇಕಾಗಿಲ್ಲ, ಕಾಯಬೇಕಾಗಿಲ್ಲ. ಕಳೆದ ತಿಂಗಳು ವೈನಿ ತೀರಿಕೊಂಡ ಸುದ್ದಿ ಬಂತು.

ಭಾನುವಾರ ಸಂಘದವರು ಸಂತಾಪ ಸಭೆ ಇಟ್ಟಿದ್ದರು. ಆಕೆಯನ್ನು ನೋಡಿದವರು ಅಲ್ಲಿ ಕೈಬೆರಳೆಣಿಕೆಯಷ್ಟು. "ತುಂಬಾ ಸಾತ್ವಿಕರು, ಜೋರಾಗಿ ಮಾತಾಡಿದವರೇ ಅಲ್ಲ" ಎಂದರು ಒಬ್ಬರು. ಆಮೇಲೆ ಒಂದು ನಿಮಿಷ ಮೌನ ಆಚರಿಸೋಣ ಎಂದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು.

ನಾನು ಜೇಬಿನಿಂದ ಡಬ್ಬಿ ತೆಗೆದೆ. ಮನೆಯಿಂದ ಹೊರಡುವಾಗಲೇ ಸೀಮೆಸುಣ್ಣ ತಿಕ್ಕಿ ಇಟ್ಟುಕೊಂಡಿದ್ದೆ. ಮುಚ್ಚಳ ಎಳೆದೆ. ಆ ಮೌನದೊಳಗೆ ಹೆಣ್ಣು ಟರ್ಕಿ ಕೂಗಿತು. ತಲೆಗಳು ಒಟ್ಟಿಗೆ ಎದ್ದವು. ಮುಂದಿನ ಸಾಲಿನ ಒಬ್ಬ ತರುಣ ಹೆಂಡತಿಯ ಕಡೆ ವಾಲಿ, ಕಿವಿಯ ಹತ್ತಿರ ಬೆರಳು ತಂದು ಒಂದು ಸುತ್ತು ತಿರುಗಿಸಿದ. ಪಕ್ಕದಲ್ಲಿ ನನ್ನ ಹೆಂಡತಿ ತಗ್ಗಿಸಿದ ತಲೆ ಎತ್ತದೆಯೇ, "ಜೋರಾಗಿ ಎಳೀರಿ, ಹಿಂದಿನವ್ರಿಗೆ ಕೇಳಬೇಕಲಾ" ಎಂದಳು.

ಇನ್ನೂ ಎರಡು ಸಲ ಎಳೆದೆ. ಆಮೇಲೆ ಕಲಿತಂತೆ ಸುಮ್ಮನಾಗಿ, ಎಲ್ಲರೂ ಕುಳಿತ ಮೇಲೂ ನಿಂತುಕೊಂಡೇ ಕಾದೆ. ಯಾರೂ ಬರುವುದಿಲ್ಲವೆಂದು ಗೊತ್ತಿತ್ತು...